ಹೊಗೆ ಚೀಟಿ

ಪಿ.ಬಿ. ರಸ್ತೆಯ ಬೇವಿನಡಿ ನಿಂತ ಹಳೇ ವ್ಯಾನು ನನ್ನದು.
ಒಳಗೊಂದು ಯಂತ್ರ, ಹೊರಗೊಂದು ಸ್ಟೂಲು,
ಬಾಗಿಲಿಗೆ ತೂಗುಬಿಟ್ಟ ಹಲಗೆ:
ಇಲ್ಲಿ ಹೊಗೆ ಪರೀಕ್ಷೆ ಮಾಡಲಾಗುವುದು.

ಮಾಡಲಾಗುವುದು ಅನ್ನುವುದು ದೊಡ್ಡ ಮಾತು.
ಎಂಟು ವರ್ಷ ನಾನು ಮಾಡಿದ್ದು ಇಷ್ಟೇ:
ನಂಬರ್ ಪ್ಲೇಟಿನ ಫೋಟೊ, ನೂರರ ನೋಟು, ಸರ್ರನೆ ಹೊರಬರುವ ಚೀಟಿ.
ಸಲಾಕೆ ಕೊಳವೆಗೆ ಇಳಿದದ್ದು
ಸಾಹೇಬರು ಬಂದು ನಿಂತಾಗ ಮಾತ್ರ.
ಆ ಕಾಗದವೂ ಎಂಥದ್ದು!
ಅಂಗಿ ಜೇಬಿನ ಬೆವರಿಗೆ ಅಕ್ಷರ ಮಾಸಿ
ಆರು ತಿಂಗಳಲ್ಲಿ ಬೆಳ್ಳಗೆ,
ಏನನ್ನೂ ಹೇಳಿಯೇ ಇರಲಿಲ್ಲವೇನೋ ಎಂಬಂತೆ.

ಚಮನ್‌ಸಾಬರ ಡೀಸೆಲ್ ಗಾಡಿಗೆ ಹದಿನೇಳು ವರ್ಷ.
ಮಂಡಕ್ಕಿ ಭಟ್ಟಿಯಿಂದ ಮಂಡಿಪೇಟೆಗೆ ದಿನಾ ಆರು ಸಲ.
ಮೇಲೆ ಆಳೆತ್ತರದ ಚೀಲ, ತೂಕವಿಲ್ಲದ ಬಿಳುಪು,
ಹಿಂದೆ ಮಾತ್ರ ಎಮ್ಮೆಯಂಥ ಹೊಗೆ
ಮೇಯಲು ಬಿಟ್ಟಂತೆ ಬೀದಿಗುಂಟ ಅಡ್ಡಾಡುತ್ತಿತ್ತು.
ನನ್ನ ಚೀಟಿಯ ಪ್ರಕಾರ ಅದು
ಹಸುಗೂಸಿನ ಉಸಿರು.

ಶಿವರಾತ್ರಿ ಕಳೆದ ಮೇಲೆ ಆದೇಶ ಬಂತು:
ಹದಿನೈದು ದಾಟಿದ ಗಾಡಿ ಪೇಟೆಯೊಳಗೆ ಬಿಡುವಂತಿಲ್ಲ.
ಕಬ್ಬಿಣದ ಅಡ್ಡಗೋಲು, ಒಬ್ಬ ಪೊಲೀಸು, ನೀಲಿ ಛತ್ರಿ.

ಹಿಂದಿನ ಸಂಜೆ ಬಂದರು.
"ಒಂದು ಚೀಟಿ ಹಾಕ್ರಿ, ತೋರಿಸಿ ನೋಡ್ತೀನಿ."
ಅವತ್ತು ಯಾಕೋ ಸಲಾಕೆ ಇಳಿಸಿದೆ.
ಅವರು ಒತ್ತಿದರು, ಗಾಡಿ ಒದರಿತು,
ಅಂಕಿ ಏರಿತು, ಏರಿತು,
ಇನ್ನು ಏರಲು ಜಾಗವಿಲ್ಲದೆ ನಿಂತಿತು.
"ಇಷ್ಟಾ?" ಅಂದರು.
"ಎಂಟು ವರ್ಷದಿಂದ ಇಷ್ಟಾ?"
ನಾನು ಸ್ಟೂಲಿನ ಕಾಲು ನೋಡಿದೆ.

ಎಂಜಿನ್ ಆರಿಸಿ ಇಳಿದು ಕೆಮ್ಮಿದರು,
ಬಹಳ ಹೊತ್ತು.
ಆಮೇಲೆ ಸಲಾಕೆಯನ್ನು ಬಾಯಿಯ ಹತ್ತಿರ ಹಿಡಿದು
ಉಫ್ ಎಂದು ಊದಿ,
"ನೋಡ್ರಿ, ಇದು ಪಾಸೋ ಫೇಲೋ."

ಯಂತ್ರ ಎಂಜಿನ್ನಿಗೆಂದು ಹುಟ್ಟಿದ್ದು.
ಸೊನ್ನೆ ತೋರಿಸಿತು.
ನಗಬೇಕಿತ್ತು. ನಕ್ಕೆವು ಕೂಡ.

ಈಗ ಭಟ್ಟಿ ಮಾಲೀಕರ ಬ್ಯಾಟರಿ ಗಾಡಿ, ದಿನಗೂಲಿ.
ಸದ್ದಿಲ್ಲದೆ ಪಕ್ಕಕ್ಕೆ ಬಂದು ನನ್ನನ್ನು ಬೆಚ್ಚಿಬೀಳಿಸುತ್ತಾರೆ.
ಸ್ವಂತದ್ದು ಗುಜರಿಗೆ ಹೋಯಿತು,
ರಬ್ಬರಿನ ಹಾರ್ನು ಮಾತ್ರ ಬಿಚ್ಚಿಟ್ಟುಕೊಂಡಿದ್ದಾರಂತೆ,
ಮೊಮ್ಮಗಳು ಒತ್ತುತ್ತಾಳಂತೆ.
ಬ್ಯಾಟರಿಗೆ ಚೀಟಿ ಬೇಕಿಲ್ಲ.
ನನ್ನ ಸ್ಟೂಲಿಗೂ ದಿನಕ್ಕೆ ನಾಲ್ಕೇ ಗಿರಾಕಿ.

ಮೊನ್ನೆ, ಯುಗಾದಿ ಮುಗಿದ ಒಂದು ಖಾಲಿ ಮಧ್ಯಾಹ್ನ,
ಸಣ್ಣಗೆ ಸಿಹಿ ಪರಿಮಳ.
ಯಾರೋ ಅತ್ತರು ಹಚ್ಚಿಕೊಂಡು ಹೋದರೆಂದು
ಅತ್ತಿತ್ತ ನೋಡಿದೆ.
ಯಾರೂ ಇಲ್ಲ. ಬೇವು.
ಎಂಟು ವರ್ಷ ಆ ಹೂವನ್ನು
ಕಸವೆಂದು ವ್ಯಾನಿನ ಮೇಲಿಂದ ಗುಡಿಸಿದ್ದೆ.