ಹಡಗು, ಕುರಿ

ಕಿವಿಗೆ ಮದ್ದು ಕೊಡುವವಳಲ್ಲ, ಕಿವಿಯನ್ನು ಅಳೆಯುವವಳು
ಲಮಾರಾ ತ್ಸಿಕ್ಲೌರಿ, ಟ್ಬಿಲಿಸಿಯ ಕಡೆಯವಳು.
ನ್ಯೂಕಾಸಲ್ಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಸದ್ದು ಹೀರುವ ಗೋಡೆಗಳ ಕೋಣೆ,
ಎರಡು ಕುರ್ಚಿ, ನಡುವೆ ಗಾಜು.
ತುಟಿ ಕಾಣದಂತೆ ಕಾಗದ ಅಡ್ಡ ಹಿಡಿದು
ಅವಳು ಒಂದೊಂದೇ ಪದ ಉದುರಿಸುತ್ತಾಳೆ;
ಆಚೆ ಕೂತವರು ಕೇಳಿಸಿದ್ದನ್ನು ತಿರುಗಿ ಹೇಳಬೇಕು.
ತಪ್ಪಿದರೆ ಒಂದು ಗೀಟು.
ಗೀಟುಗಳ ಲೆಕ್ಕ ನೋಡಿ ಯಂತ್ರ.

ವ್ಯಾಕರಣದಲ್ಲಿ ಅವಳನ್ನು ಹಿಡಿಯುವವರಿಲ್ಲ.
ಬಾಡಿಗೆ ಕರಾರಿನಲ್ಲಿ ಮನೆಮಾಲೀಕನ ಅಲ್ಪವಿರಾಮ ತಿದ್ದಿದವಳು.
ಅವಳ ತಾಯ್ನುಡಿಯಲ್ಲೊಂದು ಪದವಿದೆ:
ಗ್ವ್‌ಪ್ರ್‌ತ್ಸ್‌ಕ್ವ್‌ನಿ.
ಎಂಟು ವ್ಯಂಜನ ದಾಟಿದ ಮೇಲೆ ಒಂದೇ ಒಂದು ಸ್ವರ,
ನಮ್ಮ ಒತ್ತಕ್ಷರಗಳು ಬೆವರಿ ಸಾಲಿನ ಕೆಳಗೆ ಜೋತುಬೀಳುವಂಥದು.
ನೀನು ನಮ್ಮ ಸಿಪ್ಪೆ ಸುಲಿಯುತ್ತೀ, ಎಂದು ಅರ್ಥವಂತೆ.
ಸೂರ್ಯಕಾಂತಿ ಬೀಜ ಒಡೆದಷ್ಟು ಸಲೀಸಾಗಿ ಹೇಳುತ್ತಾಳೆ.
ಎಡವುವುದು ಮಾತ್ರ ಇಲ್ಲಿ:
ಗುಡಿಸಿನ ಮಗ್ಗುಲಲ್ಲಿ ಒಂದು ದೀರ್ಘ.
ಅವಳ ನುಡಿಗೆ ಎಳೆದರೂ ಇ, ಬಿಟ್ಟರೂ ಇ.

ಅಂದು ಬಂದಾತ ಕತ್ಬರ್ಟ್ ಸ್ಟೋಕೊ, ಎಂಬತ್ಮೂರು,
ನಲವತ್ತು ವರ್ಷ ಟೈನ್ ನದಿಯ ದಂಡೆಯಲ್ಲಿ
ಉಕ್ಕಿನ ಹೊಟ್ಟೆಯೊಳಗೆ ಕೂತು ಬಡಿದವನು.
ಶಿಪ್, ಎಂದಳು.
ಶೀಪ್, ಎಂದ.
ಮತ್ತೆ ಹೇಳಿದಳು, ಇನ್ನೂ ಸ್ಪಷ್ಟವಾಗಿ.
‘ಶೀಪ್, ತಾಯೀ. ಕುರಿ. ಬ್ಯಾಂ ಅನ್ನತ್ತಲ್ಲ.’
ಪೆನ್ನು ಕಾಗದದ ಮೇಲೇ ನಿಂತಿತು.
ಜೀವಮಾನವಿಡೀ ಕಟ್ಟಿದ್ದು ಹಡಗು;
ಆ ಹೆಸರೇ ಕೇಳಿಸದಷ್ಟು ಕಿವಿ ಕೆಟ್ಟಿತೇ,
ಇಲ್ಲ, ಕುರಿಯನ್ನು ಹೊಡೆದುಕೊಂಡು ಬಂದದ್ದು
ನನ್ನ ನಾಲಗೆಯೇ?

ಆ ರಾತ್ರಿ ಹಳೆಯ ಗೀಟುಗಳೆಲ್ಲ ಎದ್ದು ಬಂದವು.
ಎಷ್ಟು ಜನರ ಕಿವಿಗೆ
ನನ್ನ ಉಚ್ಚಾರವನ್ನೇ ಸಿಕ್ಕಿಸಿ ಕಳಿಸಿದೆ?

ಶನಿವಾರ. ಲಾಂಡ್ರಿಯ ಮೇಲಿನ ಕೋಣೆ.
ಕೆಳಗೆ ಯಂತ್ರಗಳು ತಿರುಗಿದಾಗ ಮೇಜಿನ ಮೇಲೆ ಚಹಾ ನಡುಗುತ್ತದೆ.
ವಿನಿಫ್ರೆಡ್ ಡಾಡ್ಸ್, ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ದನಿ,
ಎಲ್ಲವನ್ನೂ ಕೇಳಿ ತಲೆಯಾಡಿಸಿದಳು:
‘ನಿನ್ನ ರೋಗ ಗೊತ್ತಾಯ್ತು. ನೀನು ಎಲ್ಲಾ ಉಚ್ಚರಿಸ್ತೀ.
ಮೀನನ್ನ ಮುಳ್ಳುಸಮೇತ ಬಡಿಸ್ತಾರೇನು?
ಬನಾನಾದಲ್ಲಿ ಆ ಇರೋದು ಒಂದೇ,
ಉಳಿದೆರಡೂ ಹೊಸ್ತಿಲಲ್ಲೇ ನಿಂತು ಹೋಗೋ ನೆಂಟರು,
ಕರೆದು ಕೂರಿಸಬೇಡ.
ಯಾರಾದ್ರೂ ಆಲ್ರೈಟ್ ಅಂತ ಕೇಳಿದ್ರೆ ಅದು ಪ್ರಶ್ನೆಯಲ್ಲ,
ನಿನ್ನ ಸೊಂಟನೋವು ಹೇಳಬೇಡ.’

ಹೇಳಿದ್ದೆ, ಎಂದಳು ಲಮಾರಾ. ಬಸ್ ಡ್ರೈವರಿಗೆ. ಎರಡು ಸ್ಟಾಪಿನುದ್ದ.

ವಿನಿಫ್ರೆಡ್ ಮೇಜಿನ ಖಾನೆಯಿಂದ ರಬ್ಬರ್ ಬ್ಯಾಂಡ್ ತೆಗೆದಳು.
ಕುರಿಗೆ ಎಳೆ. ಹಡಗಿಗೆ ಬಿಡು.
‘ಮೋಟು ಮಾಡಿದ್ರೆ ಸಾಲದು ಕಣೇ, ಸಡಿಲ ಮಾಡು.
ಬೂಟು ಬಿಚ್ಚಿ ಸೋಫಾದಲ್ಲಿ ಕೂತ ಹಾಗೆ,
ದವಡೆ ಏನೂ ಅಂದುಕೊಳ್ಳಬಾರದು.’
ಆರು ಶನಿವಾರ.
ಮೆಟ್ರೋದಲ್ಲಿ, ಈರುಳ್ಳಿ ಹೆಚ್ಚುವಾಗ,
ಲಿಫ್ಟಿನಲ್ಲಿ ಒಬ್ಬಳೇ ಇದ್ದಾಗ
ಮಣಿಕಟ್ಟಿನ ರಬ್ಬರ್ ಬ್ಯಾಂಡ್ ಎಳೆದು, ಬಿಟ್ಟು.
ಅಲ್ಲೊಂದು ಕೆಂಪು ಗೆರೆ ಬಿತ್ತು.

ಸ್ಟೋಕೊ ಮತ್ತೆ ಬಂದ.
ಗಾಜು. ಕಾಗದ. ದವಡೆ ಏನೂ ಅಂದುಕೊಳ್ಳಲಿಲ್ಲ.
ಶಿಪ್
ತಾನಾಗಿ ಬಂತು, ಕೆಳಗಿಳಿದ ಅಲೆಯ ಮೇಲೆ ತೇಲಿದಂತೆ,
ವಿನಿಫ್ರೆಡ್ ಇದ್ದಿದ್ದರೆ ಚಹಾ ಕೆಳಗಿಡುತ್ತಿದ್ದಳು.
ಮುದುಕ ಕಣ್ಣು ಕಿರಿದು ಮಾಡಿದ,
ಎಲ್ಲೋ ದೂರದಿಂದ ಎಳೆದು ತರುವವನಂತೆ ತುಟಿ ಆಡಿಸಿದ:
‘ಚಿಪ್!’
ಉಪ್ಪು, ವಿನಿಗರ್ ಹಾಕಿ ತಿನ್ನುವ ಆಲೂಗಡ್ಡೆ.

ಈ ಸಲ ಕೈ ತಡೆಯಲಿಲ್ಲ.
ಅವನದೇ ಖಾತೆಗೆ ಒಂದು ಶುದ್ಧ ಗೀಟು.
ಗೆದ್ದೆ ಎನ್ನಿಸಿತು ಅವಳಿಗೆ, ಒಂದು ಕ್ಷಣ,
ಆಮೇಲೆ ಹಾಗೆನ್ನಿಸಿದ್ದಕ್ಕೆ ನಾಚಿಕೆ.
‘ಸರಿಯಾಯ್ತಾ?’ ಎಂದು ಕೇಳುತ್ತಿದ್ದ ಮುದುಕ ಗಾಜಿನಾಚೆ.
ಕಾಗದ ಕೆಳಗಿಳಿಸಿ,
ತುಟಿ ಕಾಣುವಂತೆ,
‘ಹತ್ತಿರ’ ಎಂದಳು.