ಕರೆಂಟಿಲ್ಲದ ಶುಕ್ರವಾರ

ರಾಯದುರ್ಗದಲ್ಲಿ ಕರೆಂಟು ಹೋದರೆ ಮೊದಲು ತಿಳಿಯುವುದು ಕಿವಿಗೆ.
ಓಣಿಯ ಮಷೀನುಗಳೆಲ್ಲ ಒಂದೇ ಉಸಿರಿಗೆ ನಿಲ್ಲುತ್ತವೆ.
ಆಮೇಲೆ ಕಾಗೆ. ಆಮೇಲೆ ನಲ್ಲಿಯ ಮುಂದೆ ಕೊಡ.
ಆಮೇಲೆ, ತಲೆ ಎತ್ತಿದರೆ, ಬೆಟ್ಟ.

ಹನ್ನೊಂದು ವರ್ಷದಿಂದ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದೇನೆ,
ಬರೀ ಹಿಂದಿನ ಜೇಬು, ಎಡಗಡೆಯದು.
ಬಲಗಡೆಯದು ಶಂಷಾದಳದು.
ಬೆಟ್ಟ ಮಾತ್ರ ಹತ್ತಿರಲಿಲ್ಲ.

"ಸಂಜೆ ತನಕ ಬರಲ್ಲಂತೆ ಲೈನು. ಏಳು" ಅಂದಳು ಮಾರೆಕ್ಕ.
ಸೊಂಟಕ್ಕೆ ಸೀತಾಫಲದ ಬುಟ್ಟಿ,
ಸೀರೆಯೊಳಗೆ ನಮ್ಮದೇ ಶೆಡ್ಡಿನ ರಿಜೆಕ್ಟ್ ಪ್ಯಾಂಟು,
ಒಂದು ಕಾಲು ಉದ್ದ, ಒಂದು ಗಿಡ್ಡ.
"ಮುಳ್ಳಿಗೇನು ಗೊತ್ತೇ ಅಳತೆ?"

ಕೋಟೆಯ ಮೊದಲ ಬಾಗಿಲವರೆಗೆ ಮೆಟ್ಟಿಲು.
ಆಮೇಲೆ ಮೆಟ್ಟಿಲೋ ಕಲ್ಲೋ ಹೇಳಲಾಗದ್ದು.
ಆಮೇಲೆ ಬಂಡೆ, ಬಂಡೆಯ ಬೆನ್ನ ಮೇಲೆ ಇನ್ನೊಂದು,
ಯಾರೋ ಅವಸರದಲ್ಲಿ ಪೇರಿಸಿ ಊಟಕ್ಕೆ ಹೋದ ಹಾಗೆ.
ಇನ್ನೂ ಹತ್ತು ಗಂಟೆ; ಅಂಗೈ ಊರಿದರೆ ಇಸ್ತ್ರಿಪೆಟ್ಟಿಗೆ.
ಮಾರೆಕ್ಕ ತೆಲುಗಿನಲ್ಲಿ ಹೆಜ್ಜೆ ಎಣಿಸುತ್ತಾಳೆ,
ಕನ್ನಡದಲ್ಲಿ ಮೊಣಕಾಲಿಗೆ ಬೈಯುತ್ತಾಳೆ.
ಗಡಿ ಯಾವ ಕಲ್ಲಿಗೆ ಬಂತು ಅಂತ ಕೇಳಿದರೆ
ಎಲೆಯಡಿಕೆ ಉಗಿದು ತೋರಿಸುತ್ತಾಳೆ: ಅಲ್ಲಿ.

ಎರಡನೇ ಬಾಗಿಲಲ್ಲಿ ನಾನು ಕೂತುಬಿಟ್ಟೆ.
ಎದೆ ದಬದಬ. ಕೂತು ಕೂತು ದುಡಿದ ಕಾಲು
ಪೆಡಲು ಸಿಗದೆ ತಾನೇ ಗಾಳಿ ತುಳಿಯುತ್ತಿತ್ತು.
"ಕುದುರೆಗಳೂ ಇಲ್ಲೇ ಕೂರುತ್ತಿದ್ದವಂತೆ."
ಯಾರು ಹೇಳಿದರು?
"ನಾನೇ. ಈಗ."

ದೊಣೆಯಲ್ಲಿ ಒಂದು ಗೇಣು ನೀರು, ಹಸಿರು.
ಅವಳು ಪಾಚಿ ಸರಿಸಿ ಮುಖ ತೊಳೆದಳು.
ನಾನು ಮುಖ ನೋಡಿಕೊಂಡೆ, ತೊಳೆಯಲಿಲ್ಲ.
ಹುಬ್ಬಿನ ಮೇಲೆ ನೂಲಿನ ನೀಲಿ ಧೂಳು,
ಇಲ್ಲಿಯ ಬಿಸಿಲಿಗೆ ಚೆನ್ನಾಗಿಯೇ ಕಾಣುತ್ತಿತ್ತು.

ತುದಿ ಅಂದರೆ ಒಂದು ಮುರಿದ ಗೋಡೆ,
ಗೋಡೆಯಲ್ಲೊಂದು ಸಂದು, ಸಂದಿನಲ್ಲಿ ಊರು:
ತಗಡು, ತಾರಸಿ, ಟಾರ್ಪಾಲು, ಮಸೀದಿಯ ಸುಣ್ಣ,
ನಮ್ಮ ಶೆಡ್ಡು ಯಾವುದೆಂದು ಹುಡುಕಿ ಸೋತೆ.
ಆಚೆ, ಕಣೇಕಲ್ಲಿನ ಕಡೆ, ಮರಳು.
ಹಗರಿಯ ಪಾತ್ರ ಬಿಟ್ಟೆದ್ದು ಹೊಲಕ್ಕೆ ಬಂದ ಮರಳು,
ಗಾಳಿ ಮಡಿಸಿಟ್ಟು ಮತ್ತೆ ಬಿಚ್ಚಿ ಮಡಿಸುವ ಮರಳು.
"ಅಲ್ಲಿ ನನ್ನ ತವರು" ಅಂದಳು, ಬೆರಳು ಚಾಚಿ.
ನನಗೆ ಮರಳಷ್ಟೇ ಕಂಡಿತು.
"ಅದೇ" ಅಂದಳು. ಹಣ್ಣಿಗೆ ಕೈ ಹಾಕಿದಳು.

ಕಣ್ಣು ಬಿಟ್ಟ ಕಾಯನ್ನೇ ಕೀಳಬೇಕು,
ಕಣ್ಣುಗಳ ನಡುವೆ ಬಿಳಿಗೆರೆ ಮೂಡಿದ್ದನ್ನು.
ಬುಟ್ಟಿ ತುಂಬಿ ಉಳಿದ ನಾಲ್ಕು ನನಗೆ ಕೊಟ್ಟಳು.
ಎಲ್ಲಿಡಲಿ?
ಲಕ್ಷ ಜೇಬು ಹೊಲಿದವಳು ಮೈಯೆಲ್ಲ ತಡವಿಕೊಂಡೆ.
ಸೆರಗು ಒಡ್ಡಿದೆ.

ಆಗ ಕೇಳಿತು. ಮೊದಲು ಒಂದು ಮನೆ, ಆಮೇಲೆ ಒಂದು ಓಣಿ,
ಕಲ್ಲೆಸೆದ ಜೇನಿನ ಹಾಗೆ ಊರಿಗೆ ಊರೇ.
ಒಂದೂವರೆಗೇ ಬಂದಿತ್ತು ಲೈನು.
ಈಗ ಶಂಷಾದ್ ತನ್ನ ಬಲಗಡೆ ಮುಗಿಸಿ
ನನ್ನ ಖಾಲಿ ಸ್ಟೂಲು ನೋಡುತ್ತಿರುತ್ತಾಳೆ;
ಒಂದೇ ಜೇಬಿನ ಪ್ಯಾಂಟುಗಳು ರಾಶಿ ಬೀಳುತ್ತಿರುತ್ತವೆ.

"ಪದ" ಅಂದಳು ಮಾರೆಕ್ಕ.
ತೆಲುಗಿನಲ್ಲಿ ಹಾಗೆಂದರೆ ನಡೆ, ಹೋಗೋಣ.
ಕನ್ನಡದಲ್ಲಿ ಹಾಗೆಂದರೆ ಬೇರೆ.
ಎರಡೂ ಕೇಳಿಸಿತು ನನಗೆ.
ಮರದಲ್ಲೇ ಬಿರಿದು ಗಿಳಿ ಅರ್ಧ ತಿಂದದ್ದೊಂದಿತ್ತು,
ಅದನ್ನು ಬಿಡಿಸಿಕೊಂಡು ಗೋಡೆಯ ಮೇಲೆ ಕೂತೆ,
ಬೀಜ ಒಂದೊಂದೇ
ಊರಿನ ಕಡೆ ಉಗಿಯುತ್ತ.