ನೆಲದ ಪಾಲು

ಹಾರ್ಲಿಂಗೆನ್ ಬಂದರು, ಮೂರನೇ ಮಹಡಿ.
ವೀಬ್ರೆನ್‌ನ ಸ್ಪೀಕರುಗಳು ಬಾಗಿಲಿನಷ್ಟೆತ್ತರ;
ಒಳಗೆ ಈರುಳ್ಳಿ ಸಿಪ್ಪೆಗಿಂತ ತೆಳು ಪೊರೆ
ಸಾವಿರಾರು ವೋಲ್ಟಿನಲ್ಲಿ ಬಿಗಿದು ನಿಂತದ್ದು.

ಡಬಲ್ ಬಾಸಿನವನ ಬೆರಳು ಜಾರಿದ್ದು,
ಮೂಗಿನ ಉಸಿರು, ಕಮಾನಿನ ರಾಳ
ಎಲ್ಲ ಕೇಳುತ್ತಿತ್ತು.
ಕಾಲು ಮಾತ್ರ ಇರಲಿಲ್ಲ ಅವನಿಗೆ.
'ಬೆನ್ನಿನ ಅಲೆ ಅಂಚು ಸುತ್ತಿ ಬಂದು
ಮುಂದಿನದನ್ನು ನುಂಗುತ್ತೆ' ಅಂದ ವೀಬ್ರೆನ್,
ದೋಣಿಯವನ ಹಾಗೆ.

ಮೂಲೆಗೊಂದು ಕರಿ ಪೆಟ್ಟಿಗೆ ತಂದ.
ಮೊದಲ ದಿನ ಬರೀ ಗುಡುಗು,
ಅದೂ ಪೊರೆಗಿಂತ ಅರೆಗಳಿಗೆ ತಡ.
ಸರಿಸಿದ ಗೇಣು, ಮತ್ತೆ ಗೇಣು;
ಗುಂಡಿ ತಿರುವಿ ತಗ್ಗಿಸಿದ, ತಗ್ಗಿಸಿದ,
ಪೆಟ್ಟಿಗೆಯೇ ಇಲ್ಲವೆನಿಸುವ ತನಕ.

ಕೆಳಮನೆಯ ಯಿಕ್ಕೆ, ಕಿವಿ ಕೇಳದವಳು,
ಮೆಟ್ಟಿಲು ಹತ್ತಿ ಬಂದು ಚೀಟಿ ಬರೆದಳು:
'ಇಷ್ಟು ವರ್ಷ ಇಲ್ಲದ್ದು,
ಯಾರು ನಿನ್ನ ಮನೆಯಲ್ಲಿ
ನಡೆದಾಡುತ್ತಿರುವುದು?'